ಆರನೇ ತಿಂಗಳ ಸ್ಲೈಡುಗಳು

ವರದಿಯ ಹದಿನೇಳನೇ ಪುಟದಲ್ಲಿ ‘ಪ್ರಾಣಿಗಳನ್ನು ಗಮನಿಸಿದ ಅವಧಿ: ಮೂರು ತಿಂಗಳು’ ಎಂದಿತ್ತು. ಬಸ್ಸು ಸೇತುವೆಯ ಮೇಲೆ ನಿಂತೂ ನಿಲ್ಲದಂತೆ ತೆವಳುತ್ತಿದ್ದಾಗ ಅವಳು ಆ ಸಾಲನ್ನು ಓದಿದಳು. ಟೈಪು ಮಾಡಿದವರ ಕೈತಪ್ಪಿರಬೇಕು ಎಂದುಕೊಂಡು ಪೆನ್ಸಿಲಿನಿಂದ ‘ಮೂರು’ ಎಂಬುದನ್ನು ಹೊಡೆದು ಮೇಲೆ ‘ಆರು’ ಎಂದು ಬರೆದಳು. ಅಕ್ಷರದೋಷ, ಚಿತ್ರಗಳ ಕ್ರಮ, ಬಿಟ್ಟುಹೋದ ಚುಕ್ಕಿ ಇವನ್ನೆಲ್ಲ ನೋಡುವ ಕೆಲಸವನ್ನು ಪ್ರೊಫೆಸರು ಯಾವಾಗಲೂ ಅವಳಿಗೇ ಕೊಡುತ್ತಿದ್ದರು. ‘ನಿಮ್ಮ ಕಣ್ಣಿಂದ ಇರುವೆನೂ ತಪ್ಪಿಸ್ಕೊಳ್ಳಲ್ಲ’ ಎಂದು ಒಮ್ಮೆ ಹೇಳಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಅವರ ಬಾಯಿಂದ ಬಂದ ಹೊಗಳಿಕೆಗಳು ಬೆರಳೆಣಿಕೆಯವು, ಅದರಲ್ಲಿ ಇದನ್ನು ಅವಳು ಆಗಾಗ ತೆಗೆದು ನೋಡಿಕೊಳ್ಳುತ್ತಿದ್ದಳು. ಪುಟ ತಿರುಗಿಸಿದಳು. ಕೋಷ್ಟಕದಲ್ಲಿ ಇಲಿಗಳು ಒಂದರಿಂದ ಮೂವತ್ತರವರೆಗೆ ಇದ್ದವು. ಮೂವತ್ತರ ಕೆಳಗೆ ಅಚ್ಚುಕಟ್ಟಾಗಿ ಒಂದು ಗೆರೆ. ಮೂವತ್ತೊಂದರಿಂದ ಮೂವತ್ತಾರರವರೆಗಿನ, ಆರು ತಿಂಗಳು ಗಮನಿಸಿದ ಆರು ಇಲಿಗಳು ಹುಟ್ಟೇ ಇರಲಿಲ್ಲವೇನೋ ಎಂಬಂತೆ ಗೆರೆಯ ಕೆಳಗೆ ಬರಿ ಬಿಳಿ ಕಾಗದ. ಒಂದು ಸಾಲಿನಲ್ಲಾದರೆ ಕೈತಪ್ಪು. ಎರಡು ಪುಟದಲ್ಲಿ ಒಂದೇ ತಪ್ಪು ಒಂದಕ್ಕೊಂದು ಹೊಂದಿಕೊಂಡು ಬಂದರೆ ಅದಕ್ಕೆ ಬೇರೆ ಹೆಸರಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತೂಕಡಿಸುತ್ತ ಅವಳ ಭುಜಕ್ಕೆ ತಲೆ ಆನಿಸಿದಳು. ಅವಳು ಅಲುಗಾಡದೆ ಕೂತು, ತಾನು ಬರೆದ ‘ಆರು’ ಎಂಬುದನ್ನು ರಬ್ಬರಿನಿಂದ ಉಜ್ಜಿ ಅಳಿಸಿದಳು. ಅಳಿಸಿದ ಮೇಲೆ, ಯಾಕೆ ಅಳಿಸಿದೆ ಎಂದು ತಿಳಿಯದೆ ಕಿಟಕಿಯಾಚೆ ನೋಡಿದಳು.

ಬೆಳಿಗ್ಗೆ ಹೊರಡುವಾಗ ಅಕ್ಕ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, “ಲೋಕದಲ್ಲಿ ಎಲ್ಲರೂ ಇಲಿ ಹೊಡೀತಾರೆ, ನನ್ನ ತಂಗಿ ಒಬ್ಬಳೇ ಇಲಿ ಸಾಕೋದು” ಎಂದಿದ್ದಳು. ದಿನವೂ ಏನಾದರೊಂದು ಇಂಥದ್ದು ಹೇಳಿಯೇ ಕಳಿಸುವುದು ಅಕ್ಕನ ಪದ್ಧತಿ. ಇಬ್ಬರೇ ಇರುವ ಮನೆಯಲ್ಲಿ ಒಬ್ಬರಾದರೂ ಮಾತಾಡಬೇಕಲ್ಲ. “ಇವತ್ತು ಸಮಿತಿಯವರು ಬರ್ತಾರೆ ಕಣೇ. ಒಪ್ಪಿಗೆ ಸಿಕ್ಕಿದ್ರೆ ಇನ್ನು ಇಲಿ ಸಾಕು, ಮನುಷ್ಯರಿಗೇ ಮಾಡೋದು” ಎಂದು ಇವಳು ಅಂದಾಗ ಅಕ್ಕ ತಿಕ್ಕುವುದನ್ನು ನಿಲ್ಲಿಸಿ, “ಪುಟ್ಟಿಗೂನಾ?” ಎಂದು ಕೇಳಿದ್ದಳು. “ಪುಟ್ಟಿಗೂ.” ಚಪ್ಪಲಿ ಮೆಟ್ಟುವಾಗ ಹಿಂದಿನಿಂದ, “ಹಾಗಾದ್ರೆ ನಿನ್ನ ಎದೆ ಮೇಲಿನ ಕಲ್ಲು ಇಳೀತು ಅನ್ನು” ಎಂಬ ಮಾತು ಬಂತು. ಹೌದು, ಹಾಗೆಯೇ ಅಂದುಕೊಂಡು ಅವಳು ಮೆಟ್ಟಿಲು ಇಳಿದದ್ದು.

ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ ಸ್ಲೈಡಿಗೆ ಕತ್ತರಿಸುವವಳಾದ್ದರಿಂದ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಮೇಣದಮ್ಮ ಎನ್ನುತ್ತಿದ್ದರು. ಡಾಕ್ಟರೇಟು ಇಲ್ಲದಿದ್ದರೂ ಅವಳಿಲ್ಲದೆ ಅಲ್ಲಿ ಯಾವ ಕೆಲಸವೂ ಸಾಗುತ್ತಿರಲಿಲ್ಲ. ಇಲಿಯ ಬಾಲದಿಂದ ಬೆಳ್ಳಗಿನ ಎಳೆಗಳನ್ನು ಎಳೆದು ತೆಗೆದು, ಹುಳಿನೀರಿನಂಥ ತಿಳಿ ಆಮ್ಲದಲ್ಲಿ ಕರಗಿಸಿ ಕೊಲಾಜೆನ್ ಮಾಡುವವಳು ಅವಳು. ತಣ್ಣಗಿದ್ದಷ್ಟು ಹೊತ್ತು ಅದು ನೀರಿನಂತೆ ಇರುತ್ತದೆ, ಮೈಯ ಬಿಸಿ ತಗುಲಿದರೆ ಮೊಸರಿನಂತೆ ಹೆಪ್ಪುಗಟ್ಟುತ್ತದೆ. ಬರಿ ಆ ಜೆಲ್ ಮೆತ್ತಗೆ, ಪಾಪದ್ದು. ಅದಕ್ಕೆ ಕರೆಂಟು ಹರಿಯಗೊಡುವ ಗುಣ ಕಮ್ಮಿ, ನರಕ್ಕೋ ಅರ್ಥವಾಗುವುದು ಕರೆಂಟಿನ ಭಾಷೆಯೇ. ಅದಕ್ಕೆಂದು ಇಂಗಾಲದ ಕಪ್ಪು ಪುಡಿ ಬೆರೆಸುವುದು. ಕೂದಲಿಗಿಂತ ಸಾವಿರಾರು ಪಾಲು ತೆಳುವಾದ ಕೊಳವೆಗಳು, ಕಣ್ಣಿಗೆ ಮಾತ್ರ ದೀಪದ ಮಸಿ. ಒಂದಕ್ಕೊಂದು ಅಂಟಿಕೊಂಡು ಗಂಟಾಗುವ ಆ ಮಸಿಯನ್ನು, ಐಸಿನ ನಡುವೆ ಇಟ್ಟ ಪಾತ್ರೆಯಲ್ಲಿ ಹನಿಹನಿಯಾಗಿ ಬಿಟ್ಟು ಸಮನಾಗಿ ಹರಡುವ ಉಪಾಯ ಅವಳ ಕೈಗೆ ಹೊಳೆದದ್ದು, ತಲೆಗಲ್ಲ. ಆ ಬೂದು ಬಣ್ಣದ ಜೆಲ್ಲನ್ನು ಚಿಕ್ಕ ನಳಿಕೆಯಲ್ಲಿ ತುಂಬಿ, ತುಂಡಾದ ನರದ ಎರಡು ತುದಿಗಳ ನಡುವೆ ಸೇತುವೆಯಂತೆ ಇಟ್ಟರೆ, ಈಚೆ ತುದಿ ಆಚೆ ತುದಿಯನ್ನು ಹುಡುಕಿಕೊಂಡು ಹೋಗುತ್ತಿತ್ತು. ಒಂಬತ್ತನೇ ನಂಬರಿನ ಇಲಿಯ ಪಾದಕ್ಕೆ ಶಾಯಿ ಬಳಿದು ಕಾಗದದ ಮೇಲೆ ನಡೆಸಿದಾಗ, ಎರಡು ತಿಂಗಳಿಂದ ಒಂದಕ್ಕೊಂದು ಅಂಟಿಕೊಂಡೇ ಇದ್ದ ಬೆರಳುಗಳು ಹೂವಿನ ಎಸಳಿನಂತೆ ಬಿಡಿಸಿಕೊಂಡು ಅಚ್ಚಾಗಿದ್ದವು. ಪ್ರೊಫೆಸರು ಆ ಕಾಗದವನ್ನು ಹಿಡಿದು ಗೋಡೆಯ ಕಡೆ ತಿರುಗಿ ನಿಂತಿದ್ದರು. ಅವರ ಬೆನ್ನು ಅಲುಗುವುದನ್ನು ನೋಡಿಯೂ ನೋಡದವಳಂತೆ ಅವಳು ಶಾಯಿಯ ಬಟ್ಟಲು ತೊಳೆಯುತ್ತ ನಿಂತಿದ್ದಳು. ಅಳುವುದಕ್ಕೆ ತನಗೂ ಹಕ್ಕಿದೆ ಎಂದು ಆವತ್ತು ಅನಿಸಿತ್ತು, ಆದರೆ ನಲ್ಲಿ ಜೋರಾಗಿ ಬಿಟ್ಟು ಸುಮ್ಮನಾಗಿದ್ದಳು.

ಬೀರುವಿನ ಬೀಗ ತೆಗೆದಾಗ ಒಂಬತ್ತೂ ಕಾಲು. ಮೂರನೇ ಅರೆಯ ಎಡಗಡೆ, ‘ಆರು ತಿಂಗಳು’ ಎಂದು ಅವಳೇ ಬರೆದು ಅಂಟಿಸಿದ್ದ ಚೀಟಿಯ ಜಾಗದಲ್ಲಿ ಅಂಟಿನ ಗುರುತು ಮಾತ್ರ ಉಳಿದಿತ್ತು. ಡ್ರಾಯರು ಎಳೆದಳು. ಸ್ಲೈಡುಗಳನ್ನು ನಿಲ್ಲಿಸುವ ಸಂದುಗಳು ಹಲ್ಲು ಕಿತ್ತ ವಸಡಿನಂತೆ ಖಾಲಿ. ಬಟ್ಟೆಯಿಂದ ಒರೆಸಿದ್ದರು ಕೂಡ, ಧೂಳು ಇರಲಿಲ್ಲ. ಬೀರುವಿಗೆ ಎರಡೇ ಬೀಗದ ಕೈ, ಒಂದು ಅವಳ ಚೀಲದಲ್ಲಿ. ಎರಡು ತಿಂಗಳ ಹಿಂದೆ ಇದೇ ಬೀರುವಿನ ಪಕ್ಕ ಕೂತು ಅವಳು ಆ ಸ್ಲೈಡುಗಳನ್ನು ಒಂದೊಂದಾಗಿ ನೋಡಿದ್ದಳು. ನರ ಚೆನ್ನಾಗಿ ಬೆಳೆದಿತ್ತು, ಕೊಲಾಜೆನ್ ಕರಗಿ ಹೋಗಿತ್ತು. ಕರಗುವುದು ಅದರ ಧರ್ಮ, ಅದಕ್ಕೇ ಅದನ್ನು ಆರಿಸಿಕೊಂಡದ್ದು. ಆದರೆ ಅದನ್ನು ನಂಬಿ ಅದರೊಳಗೆ ಕೂತಿದ್ದ ಕಪ್ಪು ಎಲ್ಲಿ ಹೋಯಿತು ಎಂದು ಯಾರೂ ಕೇಳಿರಲಿಲ್ಲ. ಸುಮ್ಮನೆ, ಯಾರೂ ಹೇಳದಿದ್ದರೂ, ಅವಳು ಮೊಣಕಾಲಿನ ಹಿಂದಿನ, ಮೈಯ ಕಸ ಸೋಸುವ ದುಗ್ಧರಸ ಗ್ರಂಥಿಯನ್ನೂ ಕತ್ತರಿಸಿ ನೋಡಿದಳು. ಆರರಲ್ಲಿ ನಾಲ್ಕು ಇಲಿಗಳ ಗ್ರಂಥಿಗಳಲ್ಲಿ ಗುಲಾಬಿ, ನೇರಳೆ ಬಣ್ಣಗಳ ನಡುವೆ ಕಪ್ಪು ಕಣಗಳು, ಕಸ ತಿನ್ನುವ ಜೀವಕೋಶಗಳ ಹೊಟ್ಟೆಯಲ್ಲಿ. ತಿಂದು ಅರಗಿಸಿಕೊಳ್ಳಲಾರದೆ, ಉಗುಳಲೂ ಆರದೆ ಅವು ಊದಿಕೊಂಡಿದ್ದವು. ಪ್ರೊಫೆಸರನ್ನು ಕರೆದಳು. ಅವರು ಬಹಳ ಹೊತ್ತು ಬಗ್ಗಿ ನೋಡಿ, ತಲೆ ಎತ್ತಿ, “ಸದ್ಯಕ್ಕೆ ಯಾರಿಗೂ ಹೇಳ್ಬೇಡಿ. ನಾನು ನೋಡ್ಕೋತೀನಿ” ಎಂದರು. ಆ ಮಾತು ಕೇಳಿ ಅವಳಿಗೆ ನೆಮ್ಮದಿಯೇ ಆಗಿತ್ತು, ನಾಚಿಕೆಗೇಡು. ನಾನು ನೋಡ್ಕೋತೀನಿ ಎಂದು ಅವರು ಹಿಂದೊಮ್ಮೆ ಅಂದದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ, ಅವಳ ಸೀರೆಯ ಮುಂಭಾಗ ಪೂರ್ತಿ ಕೆಂಪಾಗಿದ್ದಾಗ.

ಆಗ ಪ್ರೊಫೆಸರ ಮಗಳು ಪುಟ್ಟಿಗೆ ಹನ್ನೆರಡು ವರ್ಷ. ಪ್ರೊಫೆಸರ ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು, ರಜೆಯಲ್ಲಿ ಹುಡುಗಿಯನ್ನು ಮನೆಯಲ್ಲಿ ಒಂಟಿಯಾಗಿ ಬಿಡಲಾರದೆ ಕರೆತರುತ್ತಿದ್ದರು. ಅತ್ತೆ, ಅತ್ತೆ ಎಂದು ಹಿಂದೆ ಮುಂದೆ ಸುಳಿದಾಡುತ್ತ, ಇದೇನು, ಅದೇನು ಎಂದು ಪ್ರಾಣ ಹಿಂಡುವ ಹುಡುಗಿ. ಆ ಮಧ್ಯಾಹ್ನ ಮೇಣದಮ್ಮ ಇಲಿಯ ಬಾಲದ ಎಳೆ ಎಳೆಯುತ್ತಿದ್ದಳು. ಅರ್ಧಕ್ಕೆ ಎದ್ದರೆ ಎಳೆ ಒಣಗುತ್ತದೆ. ಎದ್ದರೂ ಆಗುತ್ತಿತ್ತು, ಒದ್ದೆ ಬಟ್ಟೆ ಹೊದಿಸಿ ಏಳಬಹುದಿತ್ತು. ಸೋಮಾರಿತನ, ಐದು ಹೆಜ್ಜೆಯ ಸೋಮಾರಿತನ. “ಪುಟ್ಟಿ, ಆ ದೊಡ್ಡ ಗಾಜಿನ ಜಾಡಿ ತಗೊಂಡು ಬಾ” ಎಂದಳು. ಜಾಡಿ ಹೊರಗಡೆ ಒದ್ದೆಯಾಗಿತ್ತು. ಒಡೆದ ಸದ್ದು ಕೇಳಿ ತಿರುಗಿದಾಗ ಹುಡುಗಿ ಕೂಗಲೂ ಇಲ್ಲ, ತನ್ನ ಬಲ ಮಣಿಕಟ್ಟನ್ನೇ ಆಶ್ಚರ್ಯದಿಂದ ನೋಡುತ್ತ ನಿಂತಿತ್ತು. ಎರಡು ಶಸ್ತ್ರಚಿಕಿತ್ಸೆ ಆಯಿತು, ಎರಡೂ ಹಿಡಿಯಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರಕ್ಕೂ ಸ್ಪರ್ಶ ಹೋಯಿತು. ಬೆರಳು ಸುಟ್ಟು ಬೊಬ್ಬೆ ಎದ್ದ ಮೇಲೆ ಪಾತ್ರೆ ಬಿಸಿಯಿತ್ತು ಎಂದು ತಿಳಿಯುವ ಕೈ. ಅದುವರೆಗೆ ಸುಟ್ಟ ಚರ್ಮಕ್ಕೆ ಜೆಲ್ ಮಾಡುತ್ತಿದ್ದ ಪ್ರೊಫೆಸರು ಮರುವರ್ಷ ನರದ ಕೆಲಸಕ್ಕೆ ತಿರುಗಿದರು. ಯಾಕೆಂದು ಅವರು ಹೇಳಲಿಲ್ಲ, ಅವಳು ಕೇಳಲಿಲ್ಲ. ಆ ದಿನದ ವಿಷಯವನ್ನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ, ಕೋಪದಲ್ಲಿ ಕೂಡ, ಅವರು ಎತ್ತಿರಲಿಲ್ಲ. ಅದನ್ನು ಅವಳು ಕ್ಷಮೆ ಎಂದು ತಿಳಿದಿದ್ದಳು. ಆ ಕ್ಷಮೆಯ ನೆರಳಿನಲ್ಲೇ ಬದುಕಿದ್ದಳು. ಮದುವೆಯ ಮಾತು ಬಂದಾಗ ಬೇಡವೆಂದದ್ದು, ಬೇರೆ ಊರಿನಲ್ಲಿ ದೊಡ್ಡ ಕೆಲಸ ಸಿಕ್ಕಾಗ ಹೋಗದೆ ಉಳಿದದ್ದು, ಎಲ್ಲ ಆ ನೆರಳಿನಿಂದ ಆಚೆ ಕಾಲಿಡಲಾರದೆ.

ಅವಳು ಒಳಗೆ ಹೋದಾಗ ಪ್ರೊಫೆಸರು ಕೋಟಿನ ತೋಳಿನ ಮೇಲಿನ ನೂಲಿನ ತುಂಡೊಂದನ್ನು ಹೆಕ್ಕಿ ತೆಗೆಯುತ್ತಿದ್ದರು.

“ಸರ್, ಹದಿನೇಳನೇ ಪುಟದಲ್ಲಿ…”

“ಗೊತ್ತು. ನಾನೇ ತೆಗೆಸಿದ್ದು.”

ಅವರು ಅದನ್ನು ಎಷ್ಟು ಸರಾಗವಾಗಿ ಹೇಳಿದರೆಂದರೆ, ಕೇಳಲು ಬಂದ ತಾನೇ ಏನೋ ತಪ್ಪು ಮಾಡಿದಂತೆ ಅವಳಿಗೆ ಮುಖ ಬಿಸಿಯಾಯಿತು. ವರದಿಯನ್ನು ಅವಳಿಂದ ಮುಚ್ಚಿಟ್ಟಿರಲೂ ಇಲ್ಲ; ತಿದ್ದಲೆಂದು ಕೈಗೇ ಕೊಟ್ಟಿದ್ದರು. ಅವಳ ಕಣ್ಣಿಗೆ ಬೀಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಬಿದ್ದ ಮೇಲೂ ಏನೂ ಆಗುವುದಿಲ್ಲ ಎಂಬುದೂ ಗೊತ್ತಿತ್ತು.

“ಸ್ಲೈಡ್ ಕೂಡ ಇಲ್ಲ ಸರ್.”

“ಕೂತ್ಕೊಳ್ಳಿ” ಎಂದರು. ಅವಳು ಕೂರಲಿಲ್ಲ. “ನೋಡಿ, ನಾಲ್ಕು ಇಲಿ. ಆ ನಾಲ್ಕು ಸತ್ವಾ? ಕುಂಟಿದ್ವಾ? ತಿಂದುಂಡು ಗುಂಡುಗುಂಡಾಗಿ ಇದ್ವು, ನೀವೇ ತೂಕ ಮಾಡಿದ್ದೀರಿ.”

“ಹಾಗಾದ್ರೆ ಹಾಗೇ ಬರೆಯೋಣ ಸರ್. ಕಪ್ಪು ಇತ್ತು, ಇಲಿ ಚೆನ್ನಾಗಿತ್ತು ಅಂತ.”

“ಬರೆದ್ರೆ ಇನ್ನೂ ಎರಡು ವರ್ಷ ನೋಡ್ಕೊಂಡು ಬನ್ನಿ ಅಂತಾರೆ. ಎರಡು ಅಂದ್ರೆ ನಾಲ್ಕು. ಅಷ್ಟು ಹೊತ್ತಿಗೆ ನಾನು ಇಲ್ಲಿ ಇರಲ್ಲ, ನಿವೃತ್ತಿ. ಪುಟ್ಟಿ ನರ ಇನ್ನೆಷ್ಟು ವರ್ಷ ಕಾಯುತ್ತೆ? ನಿಮಗೆ ನಾನು ಹೇಳ್ಬೇಕಾ?”

ಅವಳಿಗೆ ಆಗ ಒಂದು ಪ್ರಶ್ನೆ ಹೊಳೆಯಿತು. ಹೊಳೆದದ್ದೇ ಬೇಡವಾಗಿತ್ತು, ಆದರೂ ಬಾಯಿಂದ ಬಂತು. “ಜೆಲ್ ಹಾಕೋ ಮೊದಲ ಹನ್ನೆರಡು ಜನರಲ್ಲಿ ಪುಟ್ಟಿ ಇದ್ದಾಳಾ ಸರ್?”

ಅವರು ನೂಲಿನ ತುಂಡನ್ನು ಬೆರಳುಗಳ ನಡುವೆ ಉಂಡೆ ಮಾಡಿದರು. “ಇಲ್ಲ. ಎರಡನೇ ಗುಂಪು. ಮೊದಲಿನವರದ್ದು ಹೇಗಾಗುತ್ತೆ ನೋಡ್ಕೊಂಡು.”

ಹೊರಗೆ ಯಾರೋ ಗಾಡಿ ತಳ್ಳಿಕೊಂಡು ಹೋದರು, ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು. ಆ ಸದ್ದು ಕಾರಿಡಾರಿನ ಕೊನೆ ಮುಟ್ಟಿತು. ಆಮೇಲೆ ಪ್ರೊಫೆಸರು, ಬಹಳ ಮೃದುವಾಗಿ, ಜ್ವರ ಬಂದವರನ್ನು ಮಾತಾಡಿಸುವಂತೆ, “ಆವತ್ತು ಜಾಡಿ ತಗೊಂಡು ಬಾ ಅಂತ ಕಳಿಸಿದ್ದು ಯಾರು?” ಎಂದು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. “ಹನ್ನೊಂದು ಗಂಟೆಗೆ ಬನ್ನಿ. ಬಾಗಿಲ ಹತ್ರ ಕೂತ್ಕೊಳ್ಳಿ. ಕೇಳಿದ್ರೆ ಮಾತ್ರ ಹೇಳಿ.”

ಅವಳು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ನಿಂತಳು. ಅಳು ಬರಲಿಲ್ಲ. ಅವರು ಮರೆತಿರಲಿಲ್ಲ, ಕ್ಷಮಿಸಿರಲೂ ಇಲ್ಲ. ಕೆಡದಂತೆ ಇಟ್ಟುಕೊಂಡಿದ್ದರು, ಅಷ್ಟೆ. ಅವಳು ಕೊಲಾಜೆನ್ನನ್ನು ಐಸಿನಲ್ಲಿಡುವಂತೆ, ಬೇಕಾದಾಗ ಹೊರತೆಗೆದು ಬಿಸಿ ತಾಗಿಸಿದರೆ ಒಂದು ಕ್ಷಣದಲ್ಲಿ ಗಟ್ಟಿಯಾಗುವಂತೆ, ತಣ್ಣಗೆ ಹನ್ನೊಂದು ವರ್ಷ. ಹಬೆಯಾಡುವ ಚಹಾದ ಲೋಟವನ್ನು ಅವರು ತಮ್ಮ ಕೈಯಾರೆ ಅವಳ ಮೇಜಿಗೆ ತಂದಿಡುತ್ತಿದ್ದ ಸಂಜೆಗಳು, ಅಕ್ಕನ ಮಂಡಿಗೆ ಒಳ್ಳೆಯ ವೈದ್ಯರನ್ನು ಹುಡುಕಿಕೊಟ್ಟದ್ದು, ಪುಟ್ಟಿಯ ಹುಟ್ಟುಹಬ್ಬಕ್ಕೆ ಅವಳು ಹೋಗದಿದ್ದರೆ ಫೋನು ಮಾಡಿ ಕರೆಸಿಕೊಳ್ಳುತ್ತಿದ್ದದ್ದು, ಒಂದೊಂದೂ ಕಣ್ಣೆದುರು ಬಂದು, ತಿರುಗಿ, ಬೇರೆ ಮುಖ ತೋರಿಸಿ ಹೋಯಿತು. ಎಲ್ಲವೂ ಸುಳ್ಳಿರಲಾರದು ಎಂದು ಒಂದು ಮನಸ್ಸು ಬೇಡಿಕೊಂಡಿತು. ಸುಳ್ಳಲ್ಲದಿದ್ದರೆ ಇನ್ನೂ ಕೆಟ್ಟದ್ದು ಎಂದಿತು ಇನ್ನೊಂದು. ಯಾರೋ ಹೊರಗಿನಿಂದ ಬಾಗಿಲು ತಟ್ಟಿದರು. ಅವಳು ಕಾರಣವಿಲ್ಲದೆ ನೀರು ಬಿಟ್ಟು, ಕಾರಣವಿಲ್ಲದೆ ಕೈ ತೊಳೆದು ಹೊರಬಂದಳು.

ಸಭೆಯ ಕೋಣೆಯಲ್ಲಿ ಸಮಿತಿಯವರು ಐದು ಜನ. ನಡುವೆ ನಿವೃತ್ತ ನ್ಯಾಯಾಧೀಶರು, ಅವರ ಬಲಕ್ಕೆ ಒಬ್ಬ ಹಿರಿಯ ಡಾಕ್ಟರು, ಎಡದ ಕೊನೆಯಲ್ಲಿ ದಪ್ಪ ಕನ್ನಡಕದ ಶಾಲಾ ಟೀಚರು. ವಿಜ್ಞಾನ ಓದದವರೊಬ್ಬರು ಇರಬೇಕೆಂಬ ನಿಯಮದ ಪ್ರಕಾರ ಬಂದವರು. ಪ್ರೊಫೆಸರು ಚೆನ್ನಾಗಿ ಮಾತಾಡಿದರು. ಯಾವಾಗಲೂ ಹಾಗೆಯೇ. ಒಂಬತ್ತನೇ ಇಲಿಯ ಹೆಜ್ಜೆಗುರುತುಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದಾಗ ನ್ಯಾಯಾಧೀಶರು ಕೂಡ ಸ್ವಲ್ಪ ಮುಂದೆ ಬಾಗಿದರು. ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತಿದ್ದ ಅವಳಿಗೂ ಎದೆ ತುಂಬಿತು. ಇಷ್ಟಾದ ಮೇಲೂ ತುಂಬಿತಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು. ಸುಮ್ಮನಿದ್ದುಬಿಡೋಣ. ಹನ್ನೊಂದು ವರ್ಷದಿಂದ ಆ ಹುಡುಗಿ ಕಾಯುತ್ತಿದೆ. ಕಪ್ಪಿನಿಂದ ಏನೂ ಆಗದೆಯೂ ಇರಬಹುದು. ಗಣಿಯಲ್ಲಿ ದುಡಿಯುವವರ ಎದೆಯಲ್ಲಿ ಇರುವುದಿಲ್ಲವೇ ಎಂದುಕೊಂಡಳು, ಅದರ ಹಿಂದೆಯೇ ಗಣಿಯವರ ಕೆಮ್ಮು ನೆನಪಾಯಿತು. ಹನ್ನೆರಡು ಜನ. ಮುಖವಿಲ್ಲದ ಹನ್ನೆರಡು ಜನ ತಮ್ಮ ತಮ್ಮ ಕೆಟ್ಟ ಕೈಯನ್ನು ಒಳ್ಳೆಯ ಕೈಯಲ್ಲಿ ಹಿಡಿದುಕೊಂಡು ಸಾಲಾಗಿ ಬಂದು ಬೆಂಚಿನ ಮೇಲೆ ಕೂರುವುದು ಕಾಣಿಸಿತು. ಅವರಿಗೆಲ್ಲ ಜೆಲ್ ಕಲಸಿ ಕೊಡುವವಳು ತಾನೇ.

“ನಂಗೊಂದು ದಡ್ಡ ಪ್ರಶ್ನೆ” ಎಂದರು ಟೀಚರು. “ಆ ಬಿಳೀದು ಕರಗಿ ಹೋಗುತ್ತೆ ಅಂದ್ರಿ. ಈ ಕರೀ ಪುಡಿ ಆಮೇಲೆ ಎಲ್ಲಿಗೆ ಹೋಗುತ್ತೆ?”

“ಅಲ್ಲೇ ಇರುತ್ತೆ, ನರದ ಜೊತೆ” ಎಂದರು ಪ್ರೊಫೆಸರು.

“ನೋಡಿದ್ದಾರಾ ಯಾರಾದ್ರೂ?”

“ಇವರೇ ನೋಡಿರೋದು.” ಪ್ರೊಫೆಸರು ಅವಳ ಕಡೆ ಕೈ ತೋರಿಸಿದರು. ಆ ಕೈಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವಳನ್ನು ಎಬ್ಬಿಸಿದ್ದು ಅದೇ ಇರಬೇಕು, ಆ ಅನುಮಾನವಿಲ್ಲದ ಕೈಯೇ ಇರಬೇಕು.

ಅವಳು ಎದ್ದು ನಿಂತಳು. ಯಾರೂ ಏಳಿ ಎಂದಿರಲಿಲ್ಲ. “ಮೂರು ತಿಂಗಳಿಗೆ ಅಲ್ಲೇ ಇರುತ್ತೆ” ಎಂದಳು. “ಆರು ತಿಂಗಳಿಗೆ ಇರಲ್ಲ. ಗ್ರಂಥಿಗೆ ಹೋಗುತ್ತೆ. ಆರರಲ್ಲಿ ನಾಲ್ಕು ಇಲಿಗೆ ಹೋಗಿತ್ತು. ಅದು ಈ ವರದೀಲಿ ಇಲ್ಲ.”

ಒಬ್ಬರು ಪೆನ್ನಿನ ಮುಚ್ಚಳ ಹಾಕಿದರು, ಇನ್ನೊಬ್ಬರು ಹಾಳೆ ಹಿಂದಕ್ಕೆ ತಿರುಗಿಸಿದರು. ಪ್ರೊಫೆಸರು ಅವಳನ್ನು ನೋಡಲಿಲ್ಲ. ನ್ಯಾಯಾಧೀಶರನ್ನು ನೋಡುತ್ತ, ದುಃಖದಿಂದ ಎಂಬಂತೆ ಹೇಳಿದರು. “ಅಂಥ ಸ್ಲೈಡ್ ನಮ್ಮ ಹತ್ರ ಇಲ್ಲ. ಕತ್ತರಿಸೋವಾಗ ಧೂಳು, ಮಸಿ ಬೀಳೋದುಂಟು. ಇವರು ಟೆಕ್ನೀಷಿಯನ್, ರೋಗಶಾಸ್ತ್ರ ಓದಿದವರಲ್ಲ. ಇದನ್ನ ಹೇಳಬಾರದು, ಆದ್ರೂ ಹೇಳ್ತೀನಿ. ಹನ್ನೊಂದು ವರ್ಷದ ಹಿಂದೆ ಇವರ ಅಜಾಗರೂಕತೆಯಿಂದ ನನ್ನ ಮಗಳ ಕೈ ಹೋಯ್ತು. ಆವತ್ತಿಂದ ಇವರಿಗೆ ಎಲ್ಲದರಲ್ಲೂ ಅಪಾಯವೇ ಕಾಣುತ್ತೆ. ಪಾಪ, ಅವರ ತಪ್ಪಲ್ಲ.”

ಐದು ಜನ ಅಪರಿಚಿತರು ಅವಳ ಕಡೆ ನೋಡಿದರು. ಅಕ್ಕನಲ್ಲದೆ ಬೇರೆ ಯಾರಲ್ಲೂ ಅವಳು ಹೇಳಿಕೊಂಡಿರದ, ಹೇಳಿಕೊಂಡಾಗಲೂ ದೀಪ ಆರಿಸಿ ಹೇಳಿದ್ದ ವಿಷಯ, ನೀರಿನ ಬಾಟಲಿ ಮತ್ತು ಬಿಸ್ಕತ್ತಿನ ತಟ್ಟೆಗಳ ನಡುವೆ ಮೇಜಿನ ಮೇಲೆ ಬಿದ್ದಿತ್ತು. ‘ಪಾಪ’ ಎಂಬ ಪದ ಇಷ್ಟು ಚೂಪಾಗಿರಬಲ್ಲದೆಂದು ಅವಳು ಎಣಿಸಿರಲಿಲ್ಲ. ಕೂತುಬಿಡಬೇಕು ಎನಿಸಿತು, ಆದರೆ ನಿಂತೇ ಇದ್ದಳು.

“ಸ್ಲೈಡ್ ಇದೆಯೇನಮ್ಮ?” ಎಂದು ನ್ಯಾಯಾಧೀಶರು ಕೇಳಿದರು.

“ಇಲ್ಲ.”

“ಬೇರೆ ಏನಾದ್ರೂ?”

“ಮೇಣ ಇದೆ.”

ಯಾರೋ ನಕ್ಕರು. ನಗು ಬರುವ ಮಾತೇ ಅದು. ಡಾಕ್ಟರು ಮಾತ್ರ ನಗದೆ, “ಬ್ಲಾಕ್ ಇಟ್ಟಿದ್ದೀರಾ?” ಎಂದರು. ಇಟ್ಟಿದ್ದಳು. ಸ್ಲೈಡೆಂದರೆ ಒಂದು ತೆಳು ಪದರ ಮಾತ್ರ. ಆ ಪದರವನ್ನು ಕತ್ತರಿಸಿ ತೆಗೆದ ಮೇಲೆ ಉಳಿಯುವ ಅಂಗಾಂಶ ಮೇಣದ ತುಂಡಿನೊಳಗೆ ಹಾಗೆಯೇ ಇರುತ್ತದೆ, ಎಷ್ಟು ವರ್ಷವಾದರೂ. ಕಿಟಕಿಯ ಕೆಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ, ಮೊದಲನೇ ಇಲಿಯಿಂದ ಮೂವತ್ತಾರನೆಯದರವರೆಗೆ, ನಂಬರು ಹಚ್ಚಿ. ಆಗ ಪ್ರೊಫೆಸರ ಮುಖ ನೋಡಿದಳು. ಅಲ್ಲಿ ಕೋಪವಿರಲಿಲ್ಲ, ಬರಿ ಗಲಿಬಿಲಿ. ತನ್ನ ಮನೆಯಲ್ಲೇ ತಾನು ಕಾಣದ ಒಂದು ಕೋಣೆ ಇದೆ ಎಂದು ಯಾರೋ ಹೇಳಿದಂತೆ. ಸ್ಲೈಡುಗಳನ್ನು ಎಸೆದಾಗ ಅವರಿಗೆ ಮೇಣ ನೆನಪಾಗಿರಲಿಲ್ಲ. ಹತ್ತೊಂಬತ್ತು ವರ್ಷ ಅವಳನ್ನು ಮೇಣದಮ್ಮ ಎಂದು ಕರೆಯುತ್ತ, ಆ ಮೇಣ ಎಲ್ಲಿರುತ್ತದೆ ಎಂದು ಅವರು ಒಂದು ದಿನವೂ ಕೇಳಿರಲಿಲ್ಲ. ಗೆದ್ದೆ ಎನಿಸಬೇಕಾಗಿದ್ದ ಆ ಗಳಿಗೆಯಲ್ಲಿ ಅವಳಿಗೆ ಅವಮಾನವಾದದ್ದು ಇದಕ್ಕೆ.

ಮಧ್ಯಾಹ್ನ ಡಾಕ್ಟರ ಎದುರಿನಲ್ಲೇ ಕತ್ತರಿಸಬೇಕೆಂದು ತೀರ್ಮಾನವಾಯಿತು. ಅವಳು ತಣ್ಣಗೆ ಮಾಡಿದ ಬ್ಲಾಕನ್ನು ಯಂತ್ರಕ್ಕೆ ಸಿಕ್ಕಿಸಿ ಹಿಡಿ ತಿರುಗಿಸಿದಳು. ಮೇಣದ ಪದರಗಳು ಒಂದರ ಬಾಲ ಒಂದು ಹಿಡಿದು ರಿಬ್ಬನ್ನಿನಂತೆ ಬಂದವು. ಕುಂಚದ ತುದಿಯಿಂದ ಎತ್ತಿ ಬೆಚ್ಚಗಿನ ನೀರಿನ ಮೇಲೆ ಬಿಟ್ಟಾಗ ಸುಕ್ಕು ಬಿಚ್ಚಿಕೊಂಡು ಹರಡಿದವು. ಈ ಕೈ ಯಾರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ, ಅದೊಂದು ಪುಣ್ಯ. ಸ್ಲೈಡುಗಳು ಒಣಗಿ, ಬಣ್ಣಕ್ಕೆ ಅದ್ದಿ, ತೊಳೆದು ಮುಗಿಯುವ ಹೊತ್ತಿಗೆ ನಾಲ್ಕು ಗಂಟೆ. ಡಾಕ್ಟರು ಆರನ್ನೂ ನೋಡಿದರು, ಮತ್ತೊಮ್ಮೆ ನೋಡಿದರು, ಕಾಗದದ ಮೇಲೆ ಎರಡು ಸಾಲು ಬರೆದು ಸಹಿ ಹಾಕಿದರು. “ಧೂಳಲ್ಲ” ಎಂದರು. ಬಾಗಿಲ ಹತ್ತಿರ ಹೋದವರು ನಿಂತು, “ನಿಮಗೆ ಇಲ್ಲಿ ಕಷ್ಟ ಆಗುತ್ತೆ ಅಲ್ವಾ?” ಎಂದು ಕೇಳಿ, ಉತ್ತರ ಬೇಡದವರಂತೆ ಹೋದರು. ಕಷ್ಟ ಅರ್ಧ ಗಂಟೆಯಲ್ಲೇ ಬಂತು, ಕಚೇರಿಯ ಲಕೋಟೆಯಲ್ಲಿ: ನಾಳೆಯಿಂದ ಈ ಕೋಣೆಯ ಮತ್ತು ಬೀರುವಿನ ಕೀಲಿಗಳನ್ನು ಒಪ್ಪಿಸಿ ಗೋದಾಮು ವಿಭಾಗಕ್ಕೆ ಹಾಜರಾಗತಕ್ಕದ್ದು. ಕೆಳಗೆ ಪ್ರೊಫೆಸರ ಸಹಿ, ಎಂದಿನಂತೆ ಕೊನೆಯ ಅಕ್ಷರದ ಬಾಲ ಉದ್ದವಾಗಿ.

ಅವಳು ಕೀಲಿಗಳನ್ನು ಗೊಂಚಲಿನಿಂದ ಬಿಡಿಸುತ್ತಿದ್ದಾಗ ಪುಟ್ಟಿ ಬಂದಳು. ಗ್ರಂಥಾಲಯದ ಕೆಲಸದಿಂದ ನೇರವಾಗಿ ಬಂದಿದ್ದಿರಬೇಕು, ಎದೆಯ ಮೇಲೆ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಇಪ್ಪತ್ತಮೂರರ ಹುಡುಗಿ, ಬಲಗೈಯನ್ನು ಎಂದಿನಂತೆ ಜೇಬಿನಲ್ಲಿ ಇಟ್ಟುಕೊಂಡೇ ನಿಂತಳು.

“ಅಪ್ಪ ಮನೆಗೆ ಬಂದು ಶೂ ಕೂಡ ಬಿಚ್ಚದೆ ಮಲಗಿದ್ದಾರಂತೆ. ಫೋನ್ ಮಾಡಿದ್ರು.”

“ಊಟ ಮಾಡಿದ್ರಾ?” ಎಂದು ಕೇಳಿದ ಮೇಲೆ, ಕೇಳಿದ್ದಕ್ಕೆ ನಾಚಿಕೆಯಾಯಿತು.

“ಅತ್ತೆ ಎರಡನೇ ಸಲ ನಿನ್ನ ಕೈ ತೆಗೆದಳು ಅಂದ್ರು.” ಪುಟ್ಟಿ ಅದನ್ನು ಒಂದು ವಿಳಾಸ ಹೇಳಿದಂತೆ ಹೇಳಿದಳು. “ನಾನು ಏನೂ ಅನ್ನಲಿಲ್ಲ. ನಂಗೂ ಹಾಗೇ ಅನ್ನಿಸ್ತು.”

ಮೇಣದಮ್ಮ ತಲೆಯಾಡಿಸಿದಳು. ಒಪ್ಪಿಕೊಂಡದ್ದೋ, ಕೇಳಿಸಿತು ಎಂದು ತಿಳಿಸಿದ್ದೋ, ಅವಳಿಗೇ ಸ್ಪಷ್ಟವಿರಲಿಲ್ಲ.

“ದಿನಾ ನೂರಾರು ಪುಟ ತಿರುಗಿಸ್ತೀನಿ ಅತ್ತೆ. ಒಂದು ಹಾಳೆ ತಿರುಗಿಸಿದ್ನೋ ಎರಡೋ ಗೊತ್ತಾಗಲ್ಲ, ನಂಬರ್ ನೋಡ್ಬೇಕು. ಅಷ್ಟೇ ಸಾಕಿತ್ತು ನಂಗೆ. ಒಂದು ಹಾಳೆ ಅಂತ ಗೊತ್ತಾಗೋಷ್ಟು.” ಪುಟ್ಟಿ ಸ್ಟೂಲು ಎಳೆದುಕೊಂಡು ಕೂತಳು. “ಅಪ್ಪನಿಗೆ ಹೇಳಿದ್ದೆ, ಮೊದಲು ನಂಗೇ ಮಾಡಿ, ಬೇರೆಯವರ ಮೇಲೆ ನೋಡಿ ಆಮೇಲೆ ನಂಗೆ ಅನ್ನೋದು ಬೇಡ ಅಂತ. ಆಗಲಿ ಅಂದಿದ್ರು. ಮೊದಲನೆಯವಳು ನೀನೇ ಅಂದಿದ್ರು.”

ಮೇಣದಮ್ಮನ ಕೈಯಲ್ಲಿ ಕೀಲಿ ನಿಂತಿತು. ‘ಎರಡನೇ ಗುಂಪು’ ಎಂಬ ಒಂದು ಮಾತು ಸಾಕಿತ್ತು. ಆ ಮಾತು ಹೇಳಿದರೆ ಪುಟ್ಟಿಯ ಕಣ್ಣಲ್ಲಿ ತಾನು ಸ್ವಲ್ಪ ಮೇಲೇರುತ್ತೇನೆ, ಮನೆಯಲ್ಲಿ ಶೂ ಬಿಚ್ಚದೆ ಮಲಗಿರುವವರು ಇಳಿಯುತ್ತಾರೆ. ಬೆಳಿಗ್ಗೆ ಐದು ಜನ ಅಪರಿಚಿತರಿಗೆ ಸತ್ಯ ಹೇಳಿದ ನಾಲಿಗೆ ಈಗ ಹಲ್ಲಿನ ಹಿಂದೆ ಮಲಗಿತು. ಇದು ಕರುಣೆಯೋ, ಹಳೆಯ ಹೆದರಿಕೆಯೋ, ಅಥವಾ ಅವರು ತನಗೆ ಮಾಡಿದಂತೆ ತಾನೂ ಒಂದು ಮಾತನ್ನು ತಣ್ಣಗೆ ಎತ್ತಿಡುತ್ತಿರುವುದೋ ಎಂದು ಯೋಚಿಸಿದಳು. ಕೊನೆಯದು ನಿಜವಾಗಬಾರದು ಎಂದು ಗಟ್ಟಿಯಾಗಿ ಅಂದುಕೊಂಡಳು. ಅಂದುಕೊಂಡರೆ ಆಗುತ್ತದೆಯೇ, ಅದು ಮುಂದಿನ ವರ್ಷಗಳಿಗೆ ಬಿಟ್ಟದ್ದು.

“ತೋರಿಸಿ” ಎಂದಳು ಪುಟ್ಟಿ.

ಅವಳು ಸೂಕ್ಷ್ಮದರ್ಶಕದ ದೀಪ ಹಾಕಿ, ಮೂವತ್ತೊಂದನೇ ನಂಬರಿನ ಸ್ಲೈಡು ಇಟ್ಟು, ಕಣ್ಣಿಗೆ ಸರಿಯಾಗುವಂತೆ ತಿರುಗಿಸಿಕೊಟ್ಟಳು. ಪುಟ್ಟಿ ಎಡಗೈಯಿಂದ ಕೂದಲು ಹಿಂದಕ್ಕೆ ಹಿಡಿದು ಬಗ್ಗಿದಳು.

“ಈ ಕಪ್ಪು ಚುಕ್ಕಿನಾ? ಇಷ್ಟೇನಾ?”

“ಇಷ್ಟೇ.”

“ಇದರಿಂದ ಏನಾಗ್ತಿತ್ತು?”

“ಗೊತ್ತಿಲ್ಲ ಪುಟ್ಟಿ. ಏನೂ ಆಗದೇನೂ ಇರಬಹುದು.”

ಪುಟ್ಟಿ “ಇನ್ನೊಂದು” ಎಂದಳು. ಅವಳು ಬದಲಿಸಿದಳು. ಒಂದಾದ ಮೇಲೊಂದರಂತೆ ನಾಲ್ಕು. ಹೊರಗೆ ಕೆಲಸ ಮುಗಿಸಿದವರು ಗುಂಪುಗುಂಪಾಗಿ ಮೆಟ್ಟಿಲು ಇಳಿಯುತ್ತ, ಯಾರದೋ ಮದುವೆಯ ಬಗ್ಗೆ ನಗುತ್ತಿದ್ದರು. ಐದನೆಯದರಲ್ಲಿ ಕಪ್ಪು ಇರಲಿಲ್ಲ. ಆರನೆಯದರಲ್ಲೂ ಇರಲಿಲ್ಲ, ಎಲ್ಲಿ ಸರಿಸಿದರೂ ಗುಲಾಬಿ ಮತ್ತು ನೇರಳೆ, ತೊಳೆದಿಟ್ಟಂತೆ. ಆ ಎರಡನ್ನು ಪುಟ್ಟಿ ಬಹಳ ಹೊತ್ತು ನೋಡಿದಳು. ಜೇಬಿನಲ್ಲಿದ್ದ ಬಲಗೈ ಯಾವಾಗಲೋ ಹೊರಬಂದು ಮೇಜಿನ ಅಂಚಿನ ಮೇಲೆ ಕೂತಿತ್ತು, ತನಗೆ ಅಂಚು ಸಿಕ್ಕಿದೆ ಎಂದು ತಿಳಿಯದೆ.

“ಈ ಎರಡರಲ್ಲಿ ಏನೂ ಇಲ್ಲ ಅಲ್ವಾ?”

“ಇಲ್ಲ.”

“ನಾನು ಈ ಎರಡರಲ್ಲಿ ಒಬ್ಬಳಾಗಿರಬಹುದಿತ್ತು.”

“ಹೌದು” ಎಂದಳು ಅವಳು.

ಪುಟ್ಟಿ ಸೂಕ್ಷ್ಮದರ್ಶಕದಿಂದ ಕಣ್ಣು ಎತ್ತಲಿಲ್ಲ.